ಬಜಾರದಲ್ಲಿ ಗುರುತು ಹಿಡಿಯಬಾರದ ಅಕ್ಕಾರು

1999ರಲ್ಲಿ ನಾನು ಎಂಟನೇ ಇಯತ್ತೆ ಅರ್ಧಕ್ಕೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾಡದ ತಪ್ಪಿಗೆ ಮಾಸ್ತರರು ಕಪಾಳಕ್ಕೆ ಹೊಡೆದರು, ಪಾಟಿಚೀಲ ಅಲ್ಲೇ ಇಟ್ಟು ಎದ್ದು ಬಂದೆ. ಮರುವಾರದಿಂದ ನಮ್ಮೂರು ಅಗಡಿಯಿಂದ ಹಾವೇರಿಗೆ ಸೈಕಲ್ ತುಳಿದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಆಮೇಲೆ ಆರು ವರ್ಷ ಬೋರ್‌ವೆಲ್ ಗಾಡಿಯ ಸಂಗಡ ಪರರಾಜ್ಯಗಳಲ್ಲಿ ತಿರುಗಿದೆ. ಬಂದು ಸ್ವಂತ ಅಂಗಡಿ ಹಾಕಿದೆ. ಸುಟ್ಟ ಮೋಟಾರ್ ಬಿಚ್ಚಿ ಒಮ್ಮೆ ಮೂಸಿದರೆ ಸಾಕು, ಎಷ್ಟು ಹೊತ್ತು ನೀರಿಲ್ಲದೆ ಒಣ ಓಡಿದೆ ಎಂದು ಹೇಳಬಲ್ಲೆ. ನನ್ನ ಕೈಯಿಂದ ಹೋದ ಮೋಟಾರ್ ತಿರುಗಿ ಬಂದದ್ದು ಕಡಿಮೆ. ಇದು ಜಂಬವಾದರೆ ಜಂಬವೇ ಇರಲಿ. ಇಂಥವನಿಗೆ ಯಾರ ಮುಂದೆಯೂ ತಲೆ ತಗ್ಗಿಸಿ ಕೂತು ಗೊತ್ತಿರಲಿಲ್ಲ.

ಒಬ್ಬರ ಮುಂದೆ ಕೂತೆ. ಅವರು ತೀರಿಕೊಂಡು ಮೂರು ತಿಂಗಳಾಯಿತು.

ಅವರ ಹೆಸರು ಬರೆಯುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಈ ಎರಡರಲ್ಲಿ ಯಾವ ಊರಿನ ದವಾಖಾನೆಯಲ್ಲಿ ಇದ್ದರೆಂದೂ ಬರೆಯುವುದಿಲ್ಲ. ಅಲ್ಲಿ ಹಿಂದಿನ ಪಡಸಾಲೆಯ ಕೊನೆಗೆ ಒಂದು ಸಣ್ಣ ಖೋಲಿ. ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸಿದವರನ್ನು ಕೂರಿಸಿ ಮಾತಾಡುವುದು ಅವರ ಕೆಲಸ. ಬಾಗಿಲ ಮೇಲೆ ಆಪ್ತ ಸಮಾಲೋಚಕರು ಎಂದು ಬರೆದಿತ್ತು. ಅಷ್ಟುದ್ದ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ದಿನಾ ಬ್ಯಾಡಗಿಯಿಂದ ಬಸ್ಸಿಗೆ ಬರುವ ಮುಸಲ್ಮಾನರ ಹೆಣ್ಣುಮಗಳು. ನಮ್ಮ ಸಂಗಡ ಮಾತಾಡುವಾಗ ನಮಗಿಂತ ಗಟ್ಟಿ ಕನ್ನಡ, ಫೋನಿನಲ್ಲಿ ತಾಯಿಯ ಸಂಗಡ ಉರ್ದು. ಒಂದೇ ಉಸಿರಿನಲ್ಲಿ ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದರು.

ಅವರದೊಂದು ಕಟ್ಟಪ್ಪಣೆ ಇತ್ತು. ಹೊಸದಾಗಿ ಬಂದ ಎಲ್ಲರಿಗೂ ಏಳುವ ಮುಂಚೆ ಹೇಳುತ್ತಿದ್ದರು. "ಬಜಾರದಾಗ ನಾ ಕಂಡೆ ಅಂದ್ರ ನಮಸ್ಕಾರ ಮಾಡಬ್ಯಾಡ್ರಿ, ನಗಬ್ಯಾಡ್ರಿ. ಅಕಿ ಯಾರು, ನಿನಗ ಹ್ಯಾಂಗ ಗುರುತು ಅಂತ ಬಾಜೂದವರು ಕೇಳತಾರ. ಆವಾಗ ಸುಳ್ಳು ಹೊಳಿಯೂದಿಲ್ಲ. ನನ್ನ ಮಾರಿ ಮರತುಬಿಡ್ರಿ. ನಾನೂ ನಿಮ್ಮ ಮಾರಿ ಮರತಿರತೇನಿ."

ಮರೆಯುವುದರಲ್ಲಿ ಅವರು ಪಕ್ಕಾ. ಒಮ್ಮೆ ಮನೆಯ ನೀರಿನ ಮೋಟಾರ್ ರಿಕ್ಷಾದಲ್ಲಿ ಹಾಕಿಕೊಂಡು ನನ್ನ ಅಂಗಡಿಗೇ ಬಂದರು. ನಾಲ್ಕು ಗಿರಾಕಿಗಳು ಕೂತಿದ್ದರು. "ಯಾರ್ರಿ ಮಾಲಕರು? ನೀವೇನ್ರಿ? ಗುಂಯ್ ಅಂತೈತಿ, ತಿರಗವಲ್ದು, ನೋಡ್ರಿ," ಎಂದು ನನಗೇ ಕೇಳಿದರು. ಖೋಲಿಯಲ್ಲಿ ನನಗೆ ಏಕವಚನ, ಅಂಗಡಿಯಲ್ಲಿ ಬಹುವಚನ. ಎರಡು ದಿನ ಬಿಟ್ಟು ಒಯ್ಯಲು ಬಂದಾಗ, "ಹೋದ ಸಲ ಒಬ್ಬಾವ ಮಾಡಿದ್ದು ಎಂಟು ದಿನಾನೂ ಬರಲಿಲ್ಲ. ನಿಮ್ಮ ಕೆಲಸ ಹ್ಯಾಂಗೋ ಏನೋ," ಎಂದು ಚುಚ್ಚಿ ಹೋದರು. ಗಿರಾಕಿಗಳು ನಕ್ಕರು. ಅದೇ ವಾರ ಖೋಲಿಗೆ ಹೋದರೆ, "ಛಲೋ ಓಡಾಕತ್ತೈತಿ ತಮ್ಮಾ," ಎಂದರು.

ಅವರು ಹೋದ ಸುದ್ದಿ ನನಗೆ ತಿಳಿದದ್ದು ಚಹಾದ ಅಂಗಡಿಯಲ್ಲಿ, ಮೂರನೆಯವರ ಬಾಯಿಂದ. ಎದೆನೋವಂತೆ, ಬಸ್ಸಿನಿಂದ ಇಳಿಯುವಾಗ. ಬ್ಯಾಡಗಿಗೆ ಹೋದೆ. ಮಣ್ಣಿಗೆ ಒಯ್ಯುವ ಹೊತ್ತಾಗಿತ್ತು. ಅವರ ಮಂದಿ ಒಂದು ಕಡೆ ಇದ್ದರು. ರಸ್ತೆಯ ಈಚೆ ಬದಿಗೆ, ಕೋಲ್ಡ್ ಸ್ಟೋರೇಜಿನ ಗೋಡೆಗೆ ಆತು, ನನ್ನಂಥವರು ಹತ್ತು ಹನ್ನೆರಡು ಮಂದಿ ಬಿಡಿಬಿಡಿಯಾಗಿ ನಿಂತಿದ್ದರು. ಒಬ್ಬ ಬೀಡಿ ಹಚ್ಚಿದ್ದ, ಒಬ್ಬ ಫೋನ್ ನೋಡುವವನಂತೆ ನಿಂತಿದ್ದ. ಸೆರಗು ಮುಖಕ್ಕೆ ಎಳೆದುಕೊಂಡ ಇಬ್ಬರು ಹೆಂಗಸರು ಟಂಟಂನಿಂದ ಇಳಿಯಲೇ ಇಲ್ಲ. ಎಲ್ಲರನ್ನೂ ಆ ಖೋಲಿಯ ಹೊರಗಿನ ಬೆಂಚಿನ ಮೇಲೆ ನೋಡಿದವನೇ ನಾನು. ಯಾರೂ ಯಾರಿಗೂ ನಮಸ್ಕಾರ ಮಾಡಲಿಲ್ಲ. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಸತ್ತ ಮೇಲೂ ಅವರ ಅಪ್ಪಣೆ ಮೀರಲು ನಮಗೆ ಧೈರ್ಯವಾಗಲಿಲ್ಲ.

ಈಗ ನನ್ನ ವಿಷಯ ಹೇಳದೆ ಅವರ ವಿಷಯ ಹೇಳಲು ಬರುವುದಿಲ್ಲ.

ಹೆಂಡತಿ ಮೊದಲನೇ ಬಸುರಿ. ಐದನೇ ತಿಂಗಳಿಗೆ ಎಲ್ಲ ಬಸುರಿಯರಿಗೂ ಮಾಡುವ ರಕ್ತ ಪರೀಕ್ಷೆ ಮಾಡಿದರು. ಆಮೇಲೆ ನನ್ನ ರಕ್ತವನ್ನೂ ತೆಗೆದುಕೊಂಡರು. ಒಟ್ಟಿಗೆ ಹೇಳಬಹುದೇ ಎಂದು ಇಬ್ಬರನ್ನೂ ಕೇಳಿ, ಅಕ್ಕಾರು ಎದ್ದು ಕಿಡಕಿ ಮುಚ್ಚಿ ಬಂದು ಕೂತರು.

"ಮೂರು ಮಾತು ಹೇಳತೇನಿ. ಮೂರೂ ಕೇಳೂತನ ಅಳಬ್ಯಾಡ್ರಿ. ತಂಗೀಗೆ ಎಚ್‌ಐವಿ ಐತಿ. ತಮ್ಮಾ, ನಿನಗೂ ಐತಿ. ಕೂಸಿಗೆ ಬರಲಾರದಂಗ ಮಾಡಾಕ ಬರತೈತಿ. ಮೂರನೇ ಮಾತು ತಲಿಯಾಗ ಇಟಕೋರಿ."

ನಾನು ಎರಡನೆಯದಕ್ಕೇ ನಿಂತುಬಿಟ್ಟಿದ್ದೆ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಬೋರ್‌ವೆಲ್ ಗಾಡಿಯ ಆ ಆರು ವರ್ಷ. ಹೆಂಡತಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಸಿಟ್ಟು ತೀರಿಸಿಕೊಳ್ಳಲು ನಾನು ಅಕ್ಕಾರ ಮೇಲೆ ಬಿದ್ದೆ. "ಕೂಸು ಅಕಿ ಹೊಟ್ಟಿಯಾಗ, ಅಕಿ ರಕ್ತದಾಗ ಐತಿ. ಬರಲಾರದಂಗ ಹ್ಯಾಂಗ ಇರತೈತ್ರಿ? ಸಾಲಿ ಬಿಟ್ಟಾವ ಅಂತ ಏನರ ಹೇಳಬ್ಯಾಡ್ರಿ."

"ನೀ ಏನ ಕೆಲಸ ಮಾಡ್ತಿ?"

"ಮೋಟಾರ್ ವೈಂಡಿಂಗ್."

"ತಂತಿ ಮ್ಯಾಲ ತಂತಿ ಕುಂತಿರತಾವಲ್ಲ, ಕರೆಂಟು ಒಂದರಿಂದ ಒಂದಕ್ಕ ಯಾಕ ಜಿಗಿಯೂದಿಲ್ಲ?"

"ತಂತಿ ಮ್ಯಾಲ ಎನಾಮಲ್ ಇರತೈತ್ರಿ."

"ಅದು ಒಂದ ಕಡೆ ಕಿತ್ತರ?"

"ಸುಟ್ಟು ಹೊಕ್ಕೈತಿ."

"ಗುಳಗಿ ಅಂದ್ರ ಅದ. ಒಂದ ದಿನ ಬಿಟ್ಟಳು ಅಂದ್ರ ಅಲ್ಲೆ ಕಿತ್ತಿತು ಅಂತ ತಿಳಕೋ. ಸಾಲಿ ಬಿಟ್ಟವಗ ಇಷ್ಟ ಸೊಕ್ಕು, ಕಲತಿದ್ದರ ಏನ ಮಾಡ್ತಿದ್ದಿಪಾ?"

ಹೆಂಡತಿ ಆ ಮಾತಿಗೆ ನಕ್ಕಳು. ಕಣ್ಣಲ್ಲಿ ನೀರು ಇದ್ದಂತೆಯೇ ನಕ್ಕಳು. ಆ ನಗುವನ್ನು ನಾನು ಇಷ್ಟು ವರ್ಷದಲ್ಲಿ ಮರೆತಿಲ್ಲ.

ಆಮೇಲೆ ಅಕ್ಕಾರು ಒಂದೊಂದಾಗಿ ಹೇಳಿದರು. ದಿನಾ ಅದೇ ಹೊತ್ತಿಗೆ ಗುಳಿಗೆ. ಹೆರಿಗೆ ದವಾಖಾನೆಯಲ್ಲಿ. ಹುಟ್ಟಿದ ಕೂಡಲೇ ಕೂಸಿನ ಬಾಯಿಗೆ ಔಷಧದ ಹನಿ, ದಿನಾ ಕೆಲವು ವಾರ. ಆರು ತಿಂಗಳು ತಾಯಿಯ ಹಾಲು ಒಂದೇ. "ಜೇನಿಲ್ಲ, ಬಜಿ ತೇಯ್ದು ನೆಕ್ಕಸೂದಿಲ್ಲ, ಆಕಳ ಹಾಲಿಲ್ಲ. ಎರಡೂ ಕೂಡಿಸಿ ಕೊಟ್ಟರ ಕೂಸಿನ ಕರಳು ಕೆರದಂಗ ಆಕ್ಕೈತಿ, ಆ ಗಾಯದಾಗ ಹೊಕ್ಕೊಂತೈತಿ." ಎರಡು ತಿಂಗಳು ಹೆಂಡತಿ ಒಂದು ಗುಳಿಗೆ ತಪ್ಪಿಸಲಿಲ್ಲ. ಡಬ್ಬಿ ಒಯ್ದು ತೋರಿಸಿದರೆ ಅಕ್ಕಾರು ಕಾಗದದ ಮೇಲೆ ಸುರುವಿ, ಅಡಿಪಟ್ಟಿಯಿಂದ ಎರಡೆರಡೇ ಆಚೆ ಸರಿಸಿ ಎಣಿಸುತ್ತಿದ್ದರು.

ಏಳನೇ ತಿಂಗಳು ಬಂತು. ನಮ್ಮ ಕಡೆ ಮೊದಲನೇ ಹೆರಿಗೆ ತವರುಮನೆಯದು. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ತಾಯಿ ಕರೆದುಕೊಂಡು ಹೋಗುತ್ತಾಳೆ. ಕಳಿಸದಿದ್ದರೆ ಯಾಕೆ ಎಂದು ಹತ್ತು ಬಾಯಿ ಕೇಳುತ್ತವೆ. ಹೆಂಡತಿಯ ತವರು ರಾಣೆಬೆನ್ನೂರಿನ ಹತ್ತಿರ ಹಲಗೇರಿ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ಅಕ್ಕಾರು ಕೈಮುಗಿದು ಹೇಳಿದರು. "ಕಳಸಬ್ಯಾಡ ತಮ್ಮಾ. ಡಾಕ್ಟರ್ ಬ್ಯಾಡಂದಾರ ಅನ್ನು, ರಕ್ತ ಕಡಿಮಿ ಐತಿ ಅನ್ನು. ಕಳಸೂದ ಆದ್ರ ತಂಗೀ ಅವ್ವಗ ಹೇಳಿ ಕಳಸು. ಅಕಿ ಒಬ್ಬಾಕಿಗೆ ಸಾಕು."

"ನಾನೂ ಅದನ್ನ ಅನ್ನಾಕತ್ತೇನ್ರಿ ಅಕ್ಕಾರ," ಎಂದಳು ಹೆಂಡತಿ. "ನಮ್ಮವ್ವ ಯಾರ ಮುಂದೂ ಬಾಯಿ ಬಿಡೂದಿಲ್ಲ."

"ನನ್ನ ಮನಿ ಮಾತು ಹಲಗೇರಿ ಕಟ್ಟಿ ಮ್ಯಾಲ ಬರೂದು ಬ್ಯಾಡ," ಎಂದೆ. "ಗುಳಗಿ ಮುಚ್ಚಿ ತಗೊಂತಾಳ. ಎಂಟು ದಿನ ಮೊದಲ ನಾ ಹೋಗಿ ಕರಕೊಂಡು ಬರತೇನಿ."

ಅಕ್ಕಾರು ಗುಳಿಗೆಯ ಡಬ್ಬಿಗೆ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. "ನಿನ್ನ ಮರ್ಯಾದಿ ದೊಡ್ಡದ ಐತಿ ತಮ್ಮಾ. ಕೂಸು ಸಣ್ಣದ ಐತಿ," ಎಂದರು.

ನಾನು ಎದ್ದು ಬಂದೆ. ಡಬ್ಬಿಯನ್ನು ಹಸಿರು ಸೀರೆಯ ನಡುವೆ ಸುತ್ತಿ ಟ್ರಂಕಿನಲ್ಲಿ ಇಟ್ಟವನೂ ನಾನೇ.

ತವರಿಗೆ ಬಂದ ಬಸುರಿ ಮಗಳನ್ನು ತಾಯಿ ಕಣ್ಣು ಮಿಟುಕಿಸದೆ ಕಾಯುತ್ತಾಳೆ. ಪಕ್ಕದಲ್ಲೇ ಮಲಗುತ್ತಾಳೆ. ಟ್ರಂಕು ತೆಗೆದರೆ ಏನು ಬೇಕವ್ವಾ ಎಂದು ಎದ್ದು ಬರುತ್ತಾಳೆ. ಹೆಂಡತಿ ಮೊದಲು ಒಂದು ದಿನ ತಪ್ಪಿಸಿದಳು, ಆಮೇಲೆ ಎರಡು, ಆಮೇಲೆ ಡಬ್ಬಿ ಟ್ರಂಕಿನ ತಳದಲ್ಲೇ ಉಳಿಯಿತು. ಫೋನಿನಲ್ಲಿ ನಾನು ಕೇಳಿದರೆ "ಹೂಂ" ಎನ್ನುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತಿರುವಾಗ ಬೇರೇನು ಹೇಳಿಯಾಳು? ಐದು ವಾರ ಹೀಗೆ ಹೋಯಿತೆಂದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ದಿನ ತುಂಬಲು ಮೂರು ವಾರ ಇರುವಾಗಲೇ ಹೆರಿಗೆ ಬ್ಯಾನಿ ಬಂತು. ಅಂಬುಲೆನ್ಸ್ ಬರುವುದರೊಳಗೆ ಮನೆಯಲ್ಲೇ, ನೆರೆಮನೆಯ ಮುದುಕಿಯ ಕೈಯಲ್ಲಿ ಹೆರಿಗೆಯಾಯಿತು. ತಾಯಿ ಮಗು ಚೆನ್ನಾಗಿದ್ದಾರೆಂದು ಗಾಡಿಯನ್ನು ತಿರುಗಿ ಕಳಿಸಿದ್ದರು. ಇದು ಶನಿವಾರ ಸಂಜೆ. ನನ್ನ ಹೆಂಡತಿಯ ತಮ್ಮ ನನಗೆ ಫೋನ್ ಮಾಡಿದ್ದು ರವಿವಾರ ಮುಂಜಾನೆ. "ಮಾವಾ, ಪೇಡೆ ತಗೊಂಡು ಬರ್ರಿ. ಲಕ್ಷ್ಮಿ ಬಂದಾಳ," ಎಂದ.

ನಾನು ಗಾಡಿ ತೆಗೆದು ಹೋದದ್ದು ಪೇಡೆಯ ಅಂಗಡಿಗಲ್ಲ, ಬ್ಯಾಡಗಿಗೆ. ಅವರ ಓಣಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಗುರುತು ಹಿಡಿಯಬೇಡ ಎಂದಿದ್ದವರ ಮನೆಯನ್ನು ಮನೆಮನೆಗೆ ಕೇಳುತ್ತ ಹೋದೆ. ಅಂಗಳದ ತುಂಬ ಕೆಂಪಗೆ ಮೆಣಸಿನಕಾಯಿ ಹರವಿತ್ತು. ಅಕ್ಕಾರು, ಅವರ ತಾಯಿ, ಇನ್ನೊಬ್ಬ ಹೆಂಗಸು ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ನನಗೆ ಕೆಮ್ಮು ಹತ್ತಿ ಮಾತೇ ಹೊರಡಲಿಲ್ಲ. ಅಕ್ಕಾರು ನನ್ನ ಮುಖ ನೋಡಿದರು. ಎದ್ದರು.

"ಹಡದಾಳೇನು?"

ಹೌದೆಂದು ಗೋಣು ಹಾಕಿದೆ.

"ಎಷ್ಟೊತ್ತಾತು?"

"ನಿನ್ನೆ ಸಂಜಿಗೆ. ಮನ್ಯಾಗ."

ಅವರು ಕೈಯಲ್ಲಿದ್ದ ಮೆಣಸಿನಕಾಯಿ ಚೆಲ್ಲಿದರು. ತಾಯಿಗೆ ಉರ್ದುವಿನಲ್ಲಿ ಏನೋ ಹೇಳಿ, ಬುರ್ಖಾ ಹಾಕಿಕೊಳ್ಳುತ್ತಲೇ ಬಂದು ನನ್ನ ಗಾಡಿಯ ಹಿಂದೆ ಕೂತರು. ಇಡೀ ಓಣಿ ನೋಡುತ್ತಿತ್ತು. ಮೊದಲು ದವಾಖಾನೆಗೆ ಹೋಗಿ ಹೆರಿಗೆ ವಾರ್ಡಿನಿಂದ ಔಷಧದ ಬಾಟಲಿ, ಹನಿ ಹಾಕುವ ಸೂಜಿಯಿಲ್ಲದ ಸಿರಿಂಜು ಇಸಿದುಕೊಂಡು ಬಂದರು. ಆಮೇಲೆ ಹಲಗೇರಿಯವರೆಗೆ ಒಂದೇ ಮಾತು: "ಲಗೂ ಹೊಡಿ."

ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅತ್ತೆ ಬಟ್ಟಲಲ್ಲಿ ಆಕಳ ಹಾಲು ಹಿಡಿದು, ಹತ್ತಿಯ ಬತ್ತಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಿದ್ದಳು. ಪಕ್ಕದಲ್ಲಿ ಜೇನಿನ ಶೀಶೆ, ಬಜೆ ತೇಯ್ದ ಕಲ್ಲು. ತಾಯಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದ್ದರು. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಕ್ಕಾರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ನೀವು ಯಾರ್ರಿ?" ಎಂದಳು ಅತ್ತೆ.

ಅಕ್ಕಾರು ನನ್ನ ಕಡೆ ನೋಡಿದರು. "ಇದು ನಾ ಹೇಳೂ ಮಾತಲ್ಲ. ನೀ ಹೇಳಬೇಕು. ಇಲ್ಲಂದ್ರ ನಿನ್ನ ಹೆಂಡ್ತಿ ಹೇಳಬೇಕು."

ನಾನು ನೆಲ ನೋಡಿದೆ. ಆ ಮನೆಯ ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು, ಅದರ ಒಂದೊಂದು ಎಳೆಯೂ ಇಂದಿಗೂ ನೆನಪಿದೆ. ಕೊನೆಗೆ ಗೋಡೆಯ ಕಡೆಯಿಂದಲೇ ಹೆಂಡತಿ ಹೇಳಿದಳು, "ಯವ್ವಾ, ನನಗ ಎಚ್‌ಐವಿ ಐತಿ."

ಆಗ ನಾನು ಬಾಯಿ ಬಿಟ್ಟೆ. "ನನ್ನಿಂದ ಬಂದದ್ದು," ಎಂದೆ.

ಅತ್ತೆ ಬಟ್ಟಲು ಕೆಳಗಿಟ್ಟಳು. ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆದಳು, ಎರಡು ಸಲ. ಅಳಿಯನ ಮೇಲೆ ಕೈ ಮಾಡುವುದು ನಮ್ಮ ಕಡೆ ಕೇಳರಿಯದ ಮಾತು. ಈ ಸಲದ ಏಟಿಗೆ ನಾನು ಎದ್ದು ಹೋಗಲಿಲ್ಲ.

"ಆಮ್ಯಾಲ ಹೊಡಿಯವ್ವಾ," ಎಂದರು ಅಕ್ಕಾರು. "ಕೊಡಲಿ ತಗೊಂಡು ಹೊಡಿ, ನಾ ಬ್ಯಾಡನ್ನೂದಿಲ್ಲ. ಮೊದಲ ಕೂಸಿಗೆ ಇದನ್ನ ಹಾಕು."

"ನೀವ ಹಾಕ್ರಿ. ನನಗೇನ ತಿಳಿತೈತಿ!"

ಅಕ್ಕಾರು ಎರಡೂ ಅಂಗೈ ಮುಂದೆ ಚಾಚಿ ತೋರಿಸಿದರು. ಕೆಂಪಗೆ ಊದಿಕೊಂಡಿದ್ದವು. "ಮುಂಜಾನಿಂದ ಮೆಣಸಿನಕಾಯಿ ಹಿಡದ ಕೈ ಇವು. ಹತ್ತು ಸಲ ತೊಳದರೂ ಉರಿ ಹೋಗೂದಿಲ್ಲ. ಹಸಗೂಸಿನ ತುಟಿಗೆ ಹತ್ತಿದರ ಹ್ಯಾಂಗ? ನೀ ಹಾಕು, ನಾ ಹೇಳತೇನಿ."

ಅಷ್ಟು ಅವಸರದಲ್ಲಿ, ಅಷ್ಟು ಸಂಕಟದಲ್ಲಿ ಅವರಿಗೆ ಆ ಉರಿಯ ನೆನಪಿತ್ತು. ಅವರು ಎಂಥವರೆಂದು ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಹೇಳುತ್ತೇನೆ. ಬಾಗಿಲ ಹತ್ತಿರ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತು, "ಗೆರಿತನಾ ತುಂಬು, ಗಲ್ಲದ ಒಳಗ ಬಿಡು, ಸಾವಕಾಶ," ಎಂದು ಹೇಳಿಕೊಟ್ಟರು. ಅತ್ತೆ ಅಳುತ್ತ ಹನಿ ಹನಿ ಬಿಟ್ಟಳು. ಕೂಸು ಚಪ್ಪರಿಸಿತು.

ಆರು ವಾರಕ್ಕೆ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲೆ ರಕ್ತದ ಚುಕ್ಕಿ ಹಾಕಿ, ಒಣಗಿಸಿ ದೂರದ ಊರಿಗೆ ಕಳಿಸಿದರು. ಉತ್ತರ ಬರುವವರೆಗೆ ನಾನು ಎಷ್ಟು ಮೋಟಾರ್ ಕಟ್ಟಿದೆನೋ, ಎಷ್ಟು ತಪ್ಪು ಸುತ್ತಿ ಮತ್ತೆ ಬಿಚ್ಚಿದೆನೋ ಗೊತ್ತಿಲ್ಲ. ಅಕ್ಕಾರು ಫೋನ್ ಮಾಡಿ ಬರಹೇಳಿದರು. ಹೋದಾಗ ಕಿಡಕಿ ಮೊದಲೇ ಮುಚ್ಚಿತ್ತು. ಅವರು ಹೇಳುವ ಮೊದಲೇ ಹೆಂಡತಿ ನೆಲಕ್ಕೆ ಕೂತಳು.

"ಕೂಸಿಗೂ ಐತಿ ತಂಗಿ. ಇನ್ನೊಮ್ಮೆ ರಕ್ತ ಕಳಸಿ ಖಾತ್ರಿ ಮಾಡಿಕೊಳ್ಳೂಣು. ಆದ್ರ ಔಷಧ ಇವತ್ತ ಚಾಲೂ ಮಾಡೂದು." ಎರಡನೇ ಸಲವೂ ಉತ್ತರ ಅದೇ ಬಂತು.

"ನನಗ ಬೈಯ್ರಿ ಅಕ್ಕಾರ," ಎಂದೆ. "ನೀವು ಹೇಳಿದ್ದಿರಿ. ಬೈಯ್ರಿ."

"ಬೈದರ ನಿನಗ ಹಗರ ಆಕ್ಕೈತಿ. ನಿನ್ನ ಹಗರ ಮಾಡಾಕ ನಾ ಇಲ್ಲಿ ಕುಂತಿಲ್ಲ," ಎಂದರು. ಕಾಗದ ಎಳೆದುಕೊಂಡು ಕೂಸಿನ ತೂಕ ಕೇಳಿದರು. ಎರಡು ಸಲ ತಪ್ಪು ಬರೆದು ಹೊಡೆದು ಹಾಕಿದರು. ನಾನು ಹಳಿಯುವುದಾದರೆ ಹಲಗೇರಿಯನ್ನಲ್ಲ, ಆ ಜೇನನ್ನಲ್ಲ, ಆ ಬತ್ತಿಯನ್ನಲ್ಲ. ಅತ್ತೆಗೆ ಗೊತ್ತಿದ್ದರೆ ಅವಳು ಮಗಳಿಗೆ ಗುಳಿಗೆ ತಪ್ಪಿಸುತ್ತಿರಲಿಲ್ಲ, ಆ ಶೀಶೆಯನ್ನು ಮುಟ್ಟುತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ನಾಲ್ಕು ವರ್ಷದ ಮೇಲೆ ಹೆಂಡತಿ ಮತ್ತೆ ಬಸುರಿ. ಅಕ್ಕಾರೇ ಡಾಕ್ಟರರ ಹತ್ತಿರ ಕೂರಿಸಿ, ರಕ್ತದಲ್ಲಿ ವೈರಸ್ ಸಿಗದಷ್ಟು ಕಡಿಮೆಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲಿನ ಮಾತು. ಈ ಸಲ ಅತ್ತೆಯೇ ನಮ್ಮ ಮನೆಗೆ ಬಂದು ನಿಂತಳು. ಗಡಿಯಾರ ನೋಡಿ ಗುಳಿಗೆ ಕೊಟ್ಟವಳು ಅವಳು. ದವಾಖಾನೆಯಲ್ಲಿ ಹೆರಿಗೆ. ಗಂಡು ಮಗು. ಅರ್ಧ ತಾಸಿನೊಳಗೆ ಔಷಧ ಬಾಯಿಗೆ ಬಿತ್ತು. ಜೇನಿನ ಶೀಶೆ ಹಿಡಿದು ಬಂದ ನಮ್ಮ ಅತ್ತಿಗೆಯನ್ನು ಅತ್ತೆ ವಾರ್ಡಿನ ಬಾಗಿಲಲ್ಲೇ ತಡೆದು, "ಅದನ್ನ ನೀನ ನೆಕ್ಕಿ ಮನಿಗೆ ಹೋಗವ್ವಾ," ಎಂದಳು. ಪಡಸಾಲೆಯ ಕೊನೆಗೆ ನಿಂತಿದ್ದ ಅಕ್ಕಾರು ಸೆರಗು ಬಾಯಿಗೆ ಒತ್ತಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ಮಗನಿಗೆ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಮಗಳು ಈಗ ಮೂರನೇ ಇಯತ್ತೆ. ಬುದ್ಧಿವಂತೆ. ಹೋದ ತಿಂಗಳು ಊಟವಾದ ಮೇಲೆ ಗುಳಿಗೆ ಕೈಯಲ್ಲಿ ಹಿಡಿದು ಕೇಳಿದಳು, "ಅಪ್ಪಾ, ನಾವು ಮೂರೂ ಮಂದಿ ತಗೊಂತೇವಿ. ತಮ್ಮಗ ಯಾಕ ಇಲ್ಲ? ಅವಗ ನೀವು ಛಲೋ ನೋಡಕೊಂಡ್ರಿ, ನನಗ ನೋಡಕೊಳ್ಳಲಿಲ್ಲೇನು?"

ಅವಳು ಸುಮ್ಮನೆ ಕೇಳಿದಳು, ಊಹೆಯಿಂದ. ಹೆಂಡತಿ ಎದ್ದು ಒಳಗೆ ಹೋದಳು. ನಾನು ನೀರಿನ ಲೋಟ ಕೊಟ್ಟೆ.

ಈ ದಿನ ಬರುತ್ತದೆಂದು ಅಕ್ಕಾರಿಗೆ ಗೊತ್ತಿತ್ತು. "ಹತ್ತು ವರ್ಷ ಆಗಲಿ. ಅಕಿನ್ನ ನನ್ನ ಮುಂದ ಕುಂದರಸು. ನಾ ಹೇಳತೇನಿ, ನೀ ಬಾಜೂಕ ಕುಂದರು ಸಾಕು," ಎಂದಿದ್ದರು. ಅದನ್ನೇ ನಂಬಿ ನಾನು ಕೂತಿದ್ದೆ. ಹಲಗೇರಿಯ ಆ ಹೊಸ್ತಿಲಲ್ಲಿ ಹೇಳಬೇಕಾದದ್ದನ್ನು ಹೆಂಡತಿಯ ಬಾಯಿಂದ ಹೇಳಿಸಿದವನು, ಇದನ್ನು ಅಕ್ಕಾರ ಬಾಯಿಂದ ಹೇಳಿಸಬಹುದೆಂದು ಒಳಗೊಳಗೇ ನಿಶ್ಚಿಂತನಾಗಿದ್ದೆ. ಖೋಲಿಗೆ ಈಗ ಹೊಸಬರು ಬಂದಿದ್ದಾರೆ. ಒಳ್ಳೆಯವರೇ ಇರಬಹುದು. ಆದರೆ ಮಗಳು ಕೇಳುವುದು ಅವರನ್ನಲ್ಲ, ನನ್ನನ್ನು. ಏನೆಂದು ಶುರು ಮಾಡಲಿ? ದಿನಾ ಅಂಗಡಿಯಲ್ಲಿ ಕೂತು ಮೊದಲ ವಾಕ್ಯ ಕಟ್ಟುತ್ತೇನೆ. ಮನೆಗೆ ಹೋಗುವಷ್ಟರಲ್ಲಿ ಬಿಚ್ಚಿಹೋಗಿರುತ್ತದೆ. ಇಷ್ಟನ್ನಾದರೂ ಬರೆದದ್ದು ಬಾಯಿಗೆ ರೂಢಿಯಾಗಲಿ ಎಂದು.

ಈಗ ನನಗಿರುವುದು ಇಷ್ಟು. ಒಂದು ಅಂಗಡಿ, ಎರಡು ವೈಂಡಿಂಗ್ ಮಷಿನ್. ಅಗಡಿಯಲ್ಲಿ ಎರಡು ಖೋಲಿಯ ಮನೆ. ಒಬ್ಬ ಹೆಂಡತಿ, ಒಬ್ಬ ಮಗಳು, ಒಬ್ಬ ಮಗ. ಗೋಡೆಯ ಮಾಡದಲ್ಲಿ ಗುಳಿಗೆಯ ಮೂರು ಡಬ್ಬಿ. ಮಗಳಿಗೆ ಹತ್ತು ತುಂಬಲು ಒಂದು ವರ್ಷ ನಾಲ್ಕು ತಿಂಗಳು.